ಶಿಖರದ ಕೆಳಗಿನ ಕೈತೋಟಗಳು

(ಬಾನುಲಿ ಭಾಷಣ)

ಇಂಗ್ಲೆಂಡಿನ ಪೂರ್ವದ ಅಂಚಿನಲ್ಲಿ, ಕಡಲಿನಿಂದ ಇಪ್ಪತ್ತು ಮೈಲಿ ಒಳಕ್ಕೆ, ವೆನ್ಸಮ್ ಎಂಬ ಚಿಕ್ಕ ನದಿಯ ಬಾಗಿನಲ್ಲಿ ಒಂದು ಹಳೆಯ ನಗರವಿದೆ. ಕಾಗದದ ಮೇಲೆ ಅದು ನಾರ್ವಿಚ್. ಊರವರ ಬಾಯಲ್ಲಿ ನಾರಿಜ್. ಆ ಸೀಮೆಯ ಊರುಗಳ ಹೆಸರನ್ನು ಬರೆದಂತೆ ಓದಿ ದಾರಿ ಕೇಳಿದರೆ ಉತ್ತರ ಸಿಕ್ಕುವುದು ಕಷ್ಟ. ಪಕ್ಕದ ವೈಮಂಡ್‌ಹ್ಯಾಮ್ ಅಲ್ಲಿ ವಿಂಡಮ್ ಆಗುತ್ತದೆ. ಕಾಸ್ಟೆಸಿ ಎಂಬುದು ಕಾಸಿ ಆಗುತ್ತದೆ. ಊರವರು ಕರೆಯುವಂತೆಯೇ ನಾವೂ ಅದನ್ನು ನಾರಿಜ್ ಎನ್ನೋಣ.

ನಾರಿಜ್‌ಗೆ ಬಂದವರು ಮೊದಲು ನೋಡುವುದು ಅಲ್ಲಿನ ಕ್ಯಾಥೆಡ್ರಲನ್ನು. ಬಿಷಪ್ಪನ ಪೀಠವಿರುವ ಇಗರ್ಜಿಗೆ ಆ ಹೆಸರು. ಪೀಠವೆಂಬ ಅರ್ಥದ ಮಾತಿನಿಂದಲೇ ಅದು ಹುಟ್ಟಿದ್ದು. 1096ರಲ್ಲಿ ಹರ್ಬರ್ಟ್ ಡಿ ಲೊಸಿಂಗ ಎಂಬ ಬಿಷಪ್ ಇದನ್ನು ಕಟ್ಟಲು ತೊಡಗಿದ. ಕಲ್ಲು ಬಂದದ್ದು ಕಡಲಾಚೆಯ ನಾರ್ಮಂಡಿಯಿಂದ. ಹಡಗಿನಲ್ಲಿ ಕಡಲು ದಾಟಿ, ನದಿಯಲ್ಲಿ ಮೇಲಕ್ಕೆ ಬಂದು, ಅದಕ್ಕಾಗಿಯೇ ತೋಡಿದ ಕಾಲುವೆಯೊಂದರಲ್ಲಿ ಕಟ್ಟಡದ ಬುಡದವರೆಗೂ ಅದು ಸಾಗಿಬರುತ್ತಿತ್ತು. ಇಂದು ಕಾಣುವ ಶಿಖರ ಹದಿನೈದನೆಯ ಶತಮಾನದ್ದು. ಎತ್ತರ 315 ಅಡಿ. ಇಂಗ್ಲೆಂಡಿನ ಕ್ಯಾಥೆಡ್ರಲುಗಳಲ್ಲಿ ಸಾಲಿಸ್‌ಬರಿಯ ಶಿಖರವೊಂದೇ ಇದಕ್ಕಿಂತ ಎತ್ತರವಾದದ್ದು. ಊರಿನ ಯಾವ ಬೀದಿಯಲ್ಲಿ ದಾರಿ ತಪ್ಪಿದರೂ ತಲೆಯೆತ್ತಿದರೆ ಸಾಕು, ಅದು ದಿಕ್ಕು ತೋರಿಸುತ್ತದೆ.

ಈ ಶಿಖರವನ್ನು ಕುರಿತು ಬಲ್ಲವರು ಬೇಕಾದಷ್ಟು ಬರೆದಿದ್ದಾರೆ. ನಾನು ಇಂದು ಹೇಳಹೊರಟದ್ದು ಅದರ ಕೆಳಗಿನ ತರಕಾರಿ ಮಡಿಗಳ ಮಾತು. ಯಾರೊಬ್ಬರ ಸ್ವಂತದ್ದೂ ಅಲ್ಲದೆ ಹಲವರ ಕೈಯಿಂದ ಬಾಳುತ್ತಿರುವ ತೋಟಗಳು ಈ ಊರಿನಲ್ಲಿ ಅನೇಕ ಇವೆ. ಕೆಲವು ನಗರಸಭೆ ಜನರಿಗೆ ತುಂಡು ತುಂಡಾಗಿ ಗೇಣಿಗೆ ಕೊಟ್ಟವು. ಕೆಲವು ನೆರೆಹೊರೆಯವರು ಕೂಡಿ ಮಾಡಿಕೊಂಡವು. ಒಂದು, ಪೊದೆಯಲ್ಲಿ ಮುಳುಗಿಹೋಗಿದ್ದುದನ್ನು ಜನ ಮತ್ತೆ ಹೊರಕ್ಕೆ ತೆಗೆದದ್ದು. ಅವನ್ನು ನೋಡುತ್ತ ತಿರುಗಿದಾಗ ನನ್ನ ಮನಸ್ಸನ್ನು ಹಿಡಿದ ಪ್ರಶ್ನೆ ಒಂದೇ: ನೆಲದ ಮೇಲಿನ ಅಕ್ಕರೆಗೆ ನೆಲದ ಒಡೆತನ ಬೇಕೇ ಬೇಕೆ? ನಮ್ಮದೆಂದು ಪತ್ರ ಮಾಡಿಸಿಕೊಂಡದ್ದನ್ನೇ ನಾವು ಚೆನ್ನಾಗಿ ನೋಡಿಕೊಳ್ಳುತ್ತೇವೆಂದು ಲೋಕ ನಂಬಿದೆ. ಈ ಊರಿನ ಕಥೆ ಆ ನಂಬಿಕೆಯನ್ನು ಹಲವು ಸಲ ಒರೆಗೆ ಹಚ್ಚಿದೆ.

ಮೊದಲು ಕ್ಯಾಥೆಡ್ರಲಿನ ಅಂಗಳದಿಂದಲೇ ಹೊರಡಬೇಕು. ಅದು ಕಟ್ಟಿದಂದಿನಿಂದ ನಾಲ್ಕು ಶತಮಾನಕ್ಕೂ ಹೆಚ್ಚು ಕಾಲ ಬೆನೆಡಿಕ್ಟನ ಪಂಥದ ಸಂನ್ಯಾಸಿಗಳ ಮಠವೂ ಆಗಿತ್ತು. ಸ್ವಂತ ಆಸ್ತಿ ಇಟ್ಟುಕೊಳ್ಳಬಾರದೆಂಬುದು ಅವರ ನಿಯಮ. ಮಠದಲ್ಲಿ ಒಬ್ಬೊಬ್ಬ ಸಂನ್ಯಾಸಿಗೆ ಒಂದೊಂದು ಅಧಿಕಾರ: ಉಗ್ರಾಣ ಒಬ್ಬನಿಗೆ, ರೋಗಿಗಳ ಆರೈಕೆ ಒಬ್ಬನಿಗೆ, ತೋಟ ಒಬ್ಬನಿಗೆ. ಈ ತೋಟದ ಅಧಿಕಾರಿ ವರ್ಷವರ್ಷವೂ ಚರ್ಮದ ಸುರುಳಿಗಳಲ್ಲಿ ಲ್ಯಾಟಿನ್ ಭಾಷೆಯಲ್ಲಿ ಬರೆದೊಪ್ಪಿಸಿದ ಲೆಕ್ಕಗಳು ನಮ್ಮ ಪುಣ್ಯಕ್ಕೆ ಉಳಿದುಬಂದಿವೆ. 1329ರಿಂದ 1530ರವರೆಗಿನ ಲೆಕ್ಕಗಳು ಅವು. ಸೇಬು, ಪೇರು, ಈರುಳ್ಳಿ, ಬೆಳ್ಳುಳ್ಳಿ, ಈರುಳ್ಳಿಯ ಜಾತಿಗೇ ಸೇರಿದ ಲೀಕ್ ಎಂಬ ಉದ್ದನೆಯ ಗಡ್ಡೆ. ಇಷ್ಟು ಬೆಳೆಯಿತು, ಇಷ್ಟು ಮಠದ ಅಡಿಗೆಮನೆಗೆ ಹೋಯಿತು, ಇಷ್ಟು ಮಾರಾಟವಾಯಿತು, ಕೂಲಿಯಾಳುಗಳಿಗೆ ಇಷ್ಟು ಸಂದಿತು. ಸ್ವರ್ಗದ ಕಡೆ ಮುಖ ಮಾಡಿದವರೂ ಬೆಳ್ಳುಳ್ಳಿಯ ಲೆಕ್ಕವನ್ನು ಬಿಡಲಿಲ್ಲ. ತನ್ನದಲ್ಲದ ತೋಟವನ್ನು, ತನಗೆ ಮಕ್ಕಳುಮರಿಗಳಿಲ್ಲದೆ, ಮುಂದೆ ಬರುವ ಅಪರಿಚಿತನೊಬ್ಬನಿಗೆ ಒಪ್ಪಿಸಲೆಂದೇ ನೋಡಿಕೊಂಡವರ ಸಾಲು ಅದು. 1538ರಲ್ಲಿ ಎಂಟನೆಯ ಹೆನ್ರಿಯ ಕಾಲದಲ್ಲಿ ಈ ಮಠ ಮುಗಿಯಿತು; ಲೆಕ್ಕದ ಸುರುಳಿಗಳು ಮಾತ್ರ ಉಳಿದವು.

ಮಠ ಮುಗಿದ ಮೇಲೆ ತೋಟಗಾರಿಕೆಯ ಅಕ್ಕರೆಯನ್ನು ಊರಿಗೆ ಮತ್ತೆ ತಂದವರಲ್ಲಿ ಪರದೇಶಿಗಳೂ ಸೇರಿದ್ದರು. ಆಗ ನಾರಿಜ್‌ನ ಬಟ್ಟೆಯ ವ್ಯಾಪಾರ ಕುಸಿದಿತ್ತು. 1565ರಲ್ಲಿ ನಗರದ ಮುಖಂಡರು ತಾವಾಗಿಯೇ ಕಡಲಾಚೆಯ ತಗ್ಗುನಾಡುಗಳಿಂದ ಮೂವತ್ತು ನೇಕಾರ ಕುಟುಂಬಗಳನ್ನು ಕರೆಸಿಕೊಂಡರು. ಧರ್ಮದ ಹಿಂಸೆಗೆ ಹೆದರಿ ನೆಲೆ ಹುಡುಕುತ್ತಿದ್ದ ಜನ ಅವರು. ಬರಬರುತ್ತ ಸಾವಿರಗಟ್ಟಲೆ ಬಂದರು. ಕೆಲವೇ ವರ್ಷಗಳಲ್ಲಿ ಊರಿನ ಮೂವರಲ್ಲಿ ಒಬ್ಬ ಹೊರಗಿನವನೆಂಬ ಸ್ಥಿತಿಯಾಯಿತು. ಊರವರು ಅವರನ್ನು 'ಅಪರಿಚಿತರು' ಎಂದೇ ಕರೆದರು. ಇಂದಿಗೂ ಚರಿತ್ರೆಯ ಪುಸ್ತಕಗಳಲ್ಲಿ ಅವರಿಗೆ ಅದೇ ಹೆಸರು. ಮಗ್ಗದ ಕೌಶಲದ ಜೊತೆಗೆ ಅವರು ತಂದದ್ದು ಪಂಜರದ ಕ್ಯಾನರಿ ಹಕ್ಕಿ ಮತ್ತು ಹೂವಿನ ಹುಚ್ಚು. ನಾರಿಜ್‌ನಲ್ಲಿ ಹೂ ಬೆಳೆಯುವವರು ಸೇರಿ ವರ್ಷಕ್ಕೊಮ್ಮೆ ಹಬ್ಬದೂಟ ನಡೆಸುತ್ತಿದ್ದರು. 1631ರ ಮೇ ತಿಂಗಳಲ್ಲಿ ಅಂಥ ಒಂದು ಹಬ್ಬಕ್ಕಾಗಿಯೇ ರಾಲ್ಫ್ ನೆವೆಟ್ ಎಂಬಾತ 'ರೋಡನ್ ಅಂಡ್ ಐರಿಸ್' ಎಂಬ ನಾಟಕವನ್ನು ಬರೆದು ಆಡಿಸಿದ. ಅದರ ಹಲವು ಪಾತ್ರಗಳಿಗೆ ಹೂವುಗಳ ಹೆಸರು. ಹೂ ಬೆಳೆಯುವವರು ಕೂಡಿ ತಮಗಾಗಿ ನಾಟಕ ಬರೆಸಿಕೊಂಡ ಊರು ಸಾಮಾನ್ಯದ್ದಲ್ಲ.

ಇದಾದ ಆರು ವರ್ಷಕ್ಕೆ, 1637ರಲ್ಲಿ, ಥಾಮಸ್ ಬ್ರೌನ್ ಎಂಬ ವೈದ್ಯ ಬಂದು ಈ ಊರಿನಲ್ಲಿ ನೆಲಸಿದ. ಇಂಗ್ಲಿಷ್ ಗದ್ಯವನ್ನು ಓದಿದವರಿಗೆ ಆ ಹೆಸರು ಹೊಸದಲ್ಲ. ಆತ 1658ರಲ್ಲಿ ಪ್ರಕಟಿಸಿದ 'ದಿ ಗಾರ್ಡನ್ ಆಫ್ ಸೈರಸ್' ತೋಟವನ್ನು ಕುರಿತ ವಿಚಿತ್ರ ಗ್ರಂಥ. ದಾಳದ ಐದರ ಮುಖವನ್ನು ನೆನಪಿಗೆ ತಂದುಕೊಳ್ಳಿ: ನಾಲ್ಕು ಮೂಲೆಗೆ ನಾಲ್ಕು ಚುಕ್ಕೆ, ನಡುವೆ ಒಂದು. ಪ್ರಾಚೀನರು ಈ ಲೆಕ್ಕದಲ್ಲಿ ಮರ ನೆಡುತ್ತಿದ್ದರೆಂಬ ಎಳೆಯಿಂದ ಹೊರಟು ಬ್ರೌನ್ ಅದೇ ವಿನ್ಯಾಸವನ್ನು ಎಲೆಯಲ್ಲಿ, ಬೀಜದಲ್ಲಿ, ಪ್ರಾಣಿಯ ಚರ್ಮದಲ್ಲಿ, ಆಕಾಶದ ನಕ್ಷತ್ರಗಳಲ್ಲಿ ಕಾಣುತ್ತ ಹೋಗುತ್ತಾನೆ. 1671ರಲ್ಲಿ, ವನಗಳನ್ನು ಕುರಿತು ಬರೆದು ಹೆಸರಾಗಿದ್ದ ಜಾನ್ ಎವೆಲಿನ್ ಇಲ್ಲಿಗೆ ಬಂದು ಬ್ರೌನನ ಮನೆಯನ್ನೂ ತೋಟವನ್ನೂ ಕಂಡು ಬೆರಗಾಗಿ ದಿನಚರಿಯಲ್ಲಿ ಬರೆದಿಟ್ಟ.

ಇಷ್ಟು ಕೇಳಿದವರಿಗೆ ಇದೊಂದು ಸುಖದ ಊರಿನ ಸೊಗಸಾದ ಚರಿತ್ರೆ ಎನಿಸಬಹುದು. ಆದರೆ ಬ್ರೌನ್ ಬರುವುದಕ್ಕೆ ಸುಮಾರು ತೊಂಬತ್ತು ವರ್ಷ ಹಿಂದೆ ಇದೇ ಊರಿನ ಬಯಲಿನಲ್ಲಿ ನೆಲಕ್ಕಾಗಿ ರಕ್ತದ ಕೋಡಿ ಹರಿದಿತ್ತು. ಆ ಕಥೆಯನ್ನು ಹೇಳದೆ ಇಂದಿನ ತರಕಾರಿ ಮಡಿಗಳ ಅರ್ಥ ತಿಳಿಯುವುದಿಲ್ಲ.

ಕ್ಯಾಥೆಡ್ರಲಿನಿಂದ ನದಿ ದಾಟಿ ಗುಡ್ಡ ಹತ್ತಿದರೆ ಮೌಸ್‌ಹೋಲ್ಡ್ ಎಂಬ ಬಯಲು ಸಿಕ್ಕುತ್ತದೆ. ಕುರುಚಲು ಗಿಡ, ಮರಳುಮಿಶ್ರಿತ ನೆಲ. ಇಂದು ಉಳಿದಿರುವುದು 184 ಎಕರೆ. ಹಿಂದೆ ಅದು ಮೈಲಿಗಟ್ಟಲೆ ಹಬ್ಬಿತ್ತು. ಇಂಥ ನೆಲದ ಒಡೆಯ ಒಬ್ಬ ಜಮೀನ್ದಾರನೋ ಮಠವೋ ಆಗಿರುತ್ತಿತ್ತು. ಆದರೆ ಅಲ್ಲಿ ದನಕುರಿ ಮೇಯಿಸುವುದು, ಸೌದೆ ಆಯುವುದು, ಹುಲ್ಲುಗಾವಲಿನ ಹೆಂಟೆ ಕಡಿಯುವುದು ಸುತ್ತಲಿನ ಜನರ ಹಕ್ಕಾಗಿತ್ತು. ನಮ್ಮ ಗೋಮಾಳವನ್ನು ನೆನೆದರೆ ಇದರ ಸ್ವರೂಪ ಮನಸ್ಸಿಗೆ ಬಂದೀತು. ಹದಿನಾರನೆಯ ಶತಮಾನದಲ್ಲಿ ಉಣ್ಣೆಯ ಬೆಲೆ ಏರಿತು. ಸಿರಿವಂತರು ಇಂಥ ಬಯಲುಗಳಿಗೆ ಬೇಲಿ ಹಾಕಿ ತಮ್ಮ ಕುರಿಗಳನ್ನೇ ತುಂಬತೊಡಗಿದರು. ಒಂದು ಹಸು, ನಾಲ್ಕು ಕುರಿ ನಂಬಿ ಬದುಕಿದ್ದವನು ಬೇಲಿಯ ಹೊರಗೆ ನಿಂತ.

1549ರ ಜುಲೈ ತಿಂಗಳಲ್ಲಿ ಅದೇ ವಿಂಡಮ್ ಊರಿನ ಹಬ್ಬಕ್ಕೆ ಸೇರಿದ ಜನ ಬೇಲಿಗಳನ್ನು ಕೀಳತೊಡಗಿದರು. ಕೀಳುತ್ತ ಕೀಳುತ್ತ ರಾಬರ್ಟ್ ಕೆಟ್ ಎಂಬ ಸ್ಥಿತಿವಂತನ ಹೊಲಕ್ಕೂ ಬಂದರು. ಅವನೂ ಬೇಲಿ ಹಾಕಿಸಿದ್ದವನೇ. ಆದರೆ ಜನರ ದೂರನ್ನು ಕೇಳಿ ಅವನು ಅದು ನ್ಯಾಯವೆಂದು ಒಪ್ಪಿದ. ತನ್ನ ಬೇಲಿಯನ್ನು ತಾನೇ ಕೀಳಿಸಿ ಅವರ ಮುಂದಾಳಾಗಿ ನಿಂತ. ಚರಿತ್ರೆಯಲ್ಲಿ ಬಂಡಾಯಗಳು ಎಷ್ಟೋ ಆಗಿವೆ. ತನ್ನ ವಿರುದ್ಧವೇ ಎದ್ದ ದಂಗೆಗೆ ನಾಯಕನಾದವರು ವಿರಳ.

ಮೌಸ್‌ಹೋಲ್ಡ್ ಬಯಲಿನಲ್ಲಿ ಅವರು ಬೀಡುಬಿಟ್ಟರು. ಸುಮಾರು ಹದಿನಾರು ಸಾವಿರ ಜನ ಸೇರಿದ್ದರೆಂದು ಅಂದಾಜು. ಓಕ್ ಮರವೊಂದರ ಕೆಳಗೆ ಕೆಟ್ ನ್ಯಾಯಸಭೆ ನಡೆಸಿದ. ದೊರೆಗೆ 29 ಬೇಡಿಕೆಗಳ ಪಟ್ಟಿ ಹೋಯಿತು: ಜನರ ಬಯಲಿನಲ್ಲಿ ಜಮೀನ್ದಾರರು ತಮ್ಮ ದನ ಮೇಯಿಸಬಾರದು, ಗೇಣಿಯನ್ನು ಹಿಂದಿನ ದರಕ್ಕೆ ಇಳಿಸಬೇಕು, ಜೀತದಲ್ಲಿರುವವರನ್ನೆಲ್ಲ ಬಿಡಿಸಬೇಕು. ಉತ್ತರವಾಗಿ ಬಂದದ್ದು ಕ್ಷಮೆಯ ಭರವಸೆ ಹೊತ್ತ ದೂತ, ಅನಂತರ ಸೈನ್ಯ. ಮೊದಲ ಸೈನ್ಯವನ್ನು ಈ ರೈತರು ನಾರಿಜ್‌ನ ಬೀದಿಗಳಲ್ಲಿ ಸೋಲಿಸಿ ಓಡಿಸಿದರು. ಎರಡನೆಯದು ವಾರಿಕ್‌ನ ಅರ್ಲ್ ತಂದ ದೊಡ್ಡ ಸೈನ್ಯ. ಆಗಸ್ಟ್ 27ರಂದು ಡಸಿಂಡೇಲ್ ಎಂಬಲ್ಲಿ ಮೂರು ಸಾವಿರದಷ್ಟು ಬಂಡಾಯಗಾರರು ಸತ್ತರೆಂದು ಹೇಳುತ್ತಾರೆ. ಡಿಸೆಂಬರ್ 7ರಂದು ಕೆಟ್‌ನನ್ನು ನಾರಿಜ್ ಕೋಟೆಯ ಗೋಡೆಯ ಮೇಲಿಂದ ನೇಣು ಹಾಕಿದರು. ಸರಿಯಾಗಿ ನಾನೂರು ವರ್ಷಗಳ ಮೇಲೆ, 1949ರಲ್ಲಿ, ಅದೇ ಕೋಟೆಯ ಗೋಡೆಯ ಮೇಲೆ ಊರವರು ಅವನ ಗೌರವಕ್ಕೆ ಶಾಸನಫಲಕ ಹಾಕಿದರು. ನಾನೂರು ವರ್ಷ ತಡವಾಗಿಯಾದರೂ ಊರು ತನ್ನ ತೀರ್ಪನ್ನು ತಿದ್ದಿಕೊಂಡಿತು.

ಕೆಟ್ ಸೋತ; ಬೇಲಿಗಳು ಗೆದ್ದವು. ಮುಂದೆ ಬೇಲಿ ಹಾಕುವ ಕೆಲಸಕ್ಕೆ ಪಾರ್ಲಿಮೆಂಟೇ ಕೈಹಾಕಿತು. 1604ರಿಂದ 1914ರವರೆಗೆ ಇದಕ್ಕಾಗಿ 5,200ಕ್ಕೂ ಹೆಚ್ಚು ಕಾಯಿದೆಗಳಾದವು; 68 ಲಕ್ಷ ಎಕರೆ, ಅಂದರೆ ಇಂಗ್ಲೆಂಡಿನ ಐದನೆಯ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ನೆಲ, ಅವುಗಳ ಹಿಡಿತಕ್ಕೆ ಬಂತು. ಮೌಸ್‌ಹೋಲ್ಡ್ ಬಯಲಿನ ಬಹುಭಾಗವೂ ಹಾಗೆಯೇ ಹೋಯಿತು. ನಾರಿಜ್‌ನವನೇ ಆದ ಚಿತ್ರಕಾರ ಜಾನ್ ಕ್ರೋಮ್ 1818ರ ಸುಮಾರಿಗೆ ಈ ಬಯಲಿನ ಒಂದು ಚಿತ್ರ ಬರೆದ. ಅದು ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ಬೇಲಿಯಿಲ್ಲದ ನೆಲ, ತುಂಬಿದ ಆಕಾಶ, ಅಲ್ಲೊಬ್ಬ ಇಲ್ಲೊಬ್ಬ ಮನುಷ್ಯ. ಅವನು ಅದನ್ನು ಬರೆಯುವ ವೇಳೆಗೆ ಬಯಲಿನ ಬಹುಪಾಲಿಗೆ ಬೇಲಿ ಬಿದ್ದಿತ್ತು. ಕಳೆದುಹೋದದ್ದನ್ನು ಅವನು ಕಣ್ಣಮುಂದೆ ಇರುವಂತೆಯೇ ಬರೆದ.

ಈಗ ತರಕಾರಿ ಮಡಿಗಳ ಮಾತಿಗೆ ಬರೋಣ. ನಗರಸಭೆ ಜನರಿಗೆ ಗೇಣಿಗೆ ಕೊಡುವ ಕೈತೋಟದ ತುಂಡಿಗೆ ಆ ದೇಶದಲ್ಲಿ 'ಅಲಾಟ್‌ಮೆಂಟ್' ಎಂದು ಹೆಸರು. ಪಾಲು, ಹಂಚಿಕೆ ಎಂದು ಅದರ ಅರ್ಥ. ಈ ಹೆಸರಿನಲ್ಲೇ ಹಳೆಯ ಗಾಯದ ಗುರುತಿದೆ. ಬಯಲುಗಳಿಗೆ ಬೇಲಿ ಹಾಕುವಾಗ ಒಡೆಯರಿಗೆಲ್ಲ ಪಾಲು ಹಂಚಿ, ಹಕ್ಕು ಕಳೆದುಕೊಂಡ ಬಡವರಿಗೂ ಅಲ್ಲೊಂದು ಇಲ್ಲೊಂದು ಚೂರು ಬಿಡುತ್ತಿದ್ದರು. ಆ ಚೂರಿಗೂ ಅದೇ ಹೆಸರು. ಎಲ್ಲರದ್ದಾಗಿದ್ದುದನ್ನು ತೆಗೆದುಕೊಂಡು, ಅದರಲ್ಲಿ ಎಳ್ಳಷ್ಟನ್ನು ಉಪಕಾರವೆಂಬಂತೆ ಮರಳಿ ಕೊಟ್ಟದ್ದು ಅದು. 1845ರ ಕಾಯಿದೆ ದುಡಿಯುವ ಬಡವರಿಗಾಗಿ ಇಂಥ ಕೈತೋಟಗಳನ್ನು ಬಿಡಲು ಅವಕಾಶ ಮಾಡಿತು. ನಿಜವಾಗಿ ಬಿಟ್ಟದ್ದು ಬಹಳ ಕಡಿಮೆ. ಬಿಟ್ಟಲ್ಲಿಯೂ ಕಟ್ಟಳೆಗಳು ಬಿಗಿ. ಭಾನುವಾರ ಗುದ್ದಲಿ ಹಿಡಿಯಕೂಡದು, ಇಗರ್ಜಿಗೆ ತಪ್ಪದೆ ಬರಬೇಕು, ಕುಡಿಯಬಾರದು ಎಂಬಂಥ ಷರತ್ತುಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಸಾಮಾನ್ಯವಾಗಿದ್ದವು. ಆಳು ತನ್ನ ತೋಟದಲ್ಲಿ ದುಡಿದು ದಣಿದರೆ ನಮ್ಮ ಹೊಲದಲ್ಲಿ ಏನು ಮಾಡಿಯಾನು ಎಂಬ ಆತಂಕ ಜಮೀನುಳ್ಳವರಿಗೆ ಬೇರೆ.

ಉಪಕಾರ ಹಕ್ಕಾಗಲು ಬಹಳ ಕಾಲ ಹಿಡಿಯಿತು. 1887ರಲ್ಲಿ ಒಂದು ಕಾಯಿದೆ, 1908ರಲ್ಲಿ ಇನ್ನೊಂದು. ಈ ಎರಡನೆಯದು ಮುಖ್ಯವಾದದ್ದು. ಊರಿನ ಆರು ಜನ ಮತದಾರರು ಅಥವಾ ತೆರಿಗೆದಾರರು ಒಟ್ಟಾಗಿ ಬೇಡಿಕೆ ಸಲ್ಲಿಸಿದರೆ ಸ್ಥಳೀಯ ಆಡಳಿತ ಅದನ್ನು ಪರಿಗಣಿಸಲೇಬೇಕು. ಅಗತ್ಯವಿದೆಯೆಂದು ಕಂಡರೆ ನೆಲ ಒದಗಿಸುವುದು ಅದರ ಕರ್ತವ್ಯ. 1925ರ ಕಾಯಿದೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕೈತೋಟಕ್ಕೆಂದು ಕೊಂಡ ನೆಲವನ್ನು ಸರ್ಕಾರದ ಮಂತ್ರಿಯ ಒಪ್ಪಿಗೆಯಿಲ್ಲದೆ ಆಡಳಿತ ಮಾರುವಂತಿಲ್ಲ ಎಂದಿತು. ಕೆಟ್ ಕೇಳಿದ್ದು ಇದಲ್ಲ. ಇದಕ್ಕಿಂತ ಬಹಳ ದೊಡ್ಡದು. ಆದರೂ ಬೇಲಿಯ ಒಳಗೆ ಬಡವನಿಗೊಂದು ಬಾಗಿಲು ತೆರೆದದ್ದು ಹೌದು.

ಆ ತುಂಡಿನ ಅಳತೆ ಕೇಳಿದರೆ ನಮ್ಮ ರೈತರಿಗೆ ನೆಂಟಸ್ತಿಕೆ ಕಂಡೀತು. ಅಲ್ಲಿಯ ರೂಢಿಯ ಪ್ರಮಾಣ ಹತ್ತು ರಾಡು. ರಾಡು ಎಂಬುದು ಹಳೆಯ ಕಾಲದ ಅಳತೆಗೋಲು, ಐದೂವರೆ ಗಜ ಉದ್ದ. ಚದರ ಲೆಕ್ಕದಲ್ಲಿ 160 ರಾಡಿಗೆ ಒಂದು ಎಕರೆ. ನಮ್ಮಲ್ಲಿ ನಲವತ್ತು ಗುಂಟೆಗೆ ಒಂದು ಎಕರೆ. ಲೆಕ್ಕ ಹಾಕಿ ನೋಡಿದರೆ ನಾಲ್ಕು ರಾಡು ಸರಿಯಾಗಿ ಒಂದು ಗುಂಟೆ. ಹತ್ತು ರಾಡು ಎರಡೂವರೆ ಗುಂಟೆ. ಒಂದು ಸಂಸಾರದ ತರಕಾರಿಗೆ ಸಾಲುವಷ್ಟು, ಒಬ್ಬ ಮನುಷ್ಯ ಸಂಜೆಯ ಹೊತ್ತು ಗುದ್ದಲಿಯಿಂದ ನೋಡಿಕೊಳ್ಳಬಹುದಾದಷ್ಟು ನೆಲ.

ನಾರಿಜ್‌ನಲ್ಲಿ ಇಂಥ ತೋಟಗಳ ನೆಲೆಗಳು ಊರಿನ ನಾನಾ ಕಡೆ ಇವೆ. ವಿಶ್ವವಿದ್ಯಾಲಯದ ಬಳಿಯ ಬ್ಲೂಬೆಲ್ ರಸ್ತೆಯಲ್ಲಿ ಒಂದು. ಕೆಟ್‌ನ ಜನ ಬೀಡುಬಿಟ್ಟ ಮೌಸ್‌ಹೋಲ್ಡಿನ ಮಗ್ಗುಲಲ್ಲಿಯೂ ಇವೆ. ಬಾಗಿಲಿಗೆ ಬೀಗವಿರುತ್ತದೆ, ತೋಟದವರು ಯಾರಾದರೂ ಕರೆದೊಯ್ದರೆ ಮಾತ್ರ ಒಳಕ್ಕೆ ಪ್ರವೇಶ. ಒಳಗೆ ಹೋದವರಿಗೆ ಮೊದಲ ನೋಟಕ್ಕೆ ಅಂದವೇನೂ ಕಾಣದು. ಹಳೆಯ ಬಾಗಿಲು, ಕಿಟಕಿಗಳನ್ನೇ ಜೋಡಿಸಿ ಕಟ್ಟಿದ ಮರದ ಗೂಡುಗಳು, ಮಳೆನೀರು ಹಿಡಿಯುವ ಪೀಪಾಯಿಗಳು, ಹಕ್ಕಿಗಳನ್ನು ಹೆದರಿಸಲು ಕಟ್ಟಿದ ತಗಡಿನ ಚೂರುಗಳು. ಕಣ್ಣು ಒಗ್ಗಿದ ಮೇಲೆ ಸಾಲುಗಳು ಕಾಣುತ್ತವೆ: ಕೋಲುಗಳ ಮೇಲೆ ಹಬ್ಬಿ ಕೆಂಪು ಹೂ ಬಿಟ್ಟ ಬೀನ್ಸ್, ಏರಿ ಕಟ್ಟಿದ ಆಲೂಗಡ್ಡೆ, ಈರುಳ್ಳಿ, ಎಲೆಕೋಸು, ಕೆಂಪು ದಂಟಿನ ರೂಬಾರ್ಬ್, ಅಂಚಿನಲ್ಲಿ ಡೇಲಿಯಾ. ಸಂನ್ಯಾಸಿಗಳ ಲೆಕ್ಕದಲ್ಲಿ ಬರುವ ಲೀಕ್ ಇಲ್ಲಿಯೂ ಇದೆ. ಆರು ನೂರು ವರ್ಷಗಳಲ್ಲಿ ಊರಿನ ದೊರೆ ಬದಲಾದ, ಧರ್ಮ ಬದಲಾಯಿತು, ಭಾಷೆಯೂ ಗುರುತು ಸಿಗದಷ್ಟು ಬದಲಾಯಿತು, ಗಡ್ಡೆ ಬದಲಾಗಲಿಲ್ಲ.

ಗೇಣಿ ವರ್ಷಕ್ಕೊಮ್ಮೆ. ಬೆಳೆದದ್ದು ಮುಖ್ಯವಾಗಿ ಮನೆಯ ಬಳಕೆಗೆ. ಅದನ್ನು ವ್ಯಾಪಾರ ಮಾಡಿಕೊಳ್ಳುವಂತಿಲ್ಲ. ನೆಲವನ್ನು ಬೀಳುಬಿಟ್ಟರೆ ಎಚ್ಚರಿಕೆಯ ಪತ್ರ ಬರುತ್ತದೆ. ಆಮೇಲೆ ತುಂಡು ಸರದಿಯಲ್ಲಿ ಕಾದಿರುವ ಮತ್ತೊಬ್ಬನಿಗೆ ಹೋಗುತ್ತದೆ. ಇಲ್ಲಿ ನನಗೆ ಬಹಳ ಅರ್ಥವತ್ತಾಗಿ ಕಂಡದ್ದು ಗೊಬ್ಬರದ ಗುಂಡಿ. ಪ್ರತಿ ತುಂಡಿನ ಮೂಲೆಯಲ್ಲೂ ಒಂದಿದೆ. ಕಳೆ, ಎಲೆ, ಅಡಿಗೆಮನೆಯ ಸಿಪ್ಪೆ ಎಲ್ಲವೂ ಅಲ್ಲಿ ಕೊಳೆತು ಕಪ್ಪಗಾಗಿ ಮಡಿಗೆ ಸೇರುತ್ತದೆ. ಇಪ್ಪತ್ತು ಮೂವತ್ತು ವರ್ಷ ಹಾಗೆ ಮಾಡಿದ ಮಡಿಯಲ್ಲಿ ಕೈಯಿಟ್ಟರೆ ಮೊಣಕೈವರೆಗೆ ಇಳಿಯುವಂತಿರುತ್ತದೆ. ನೆಲ ನಗರಸಭೆಯದು, ಆ ಮಣ್ಣು ಮಾತ್ರ ಅಗೆದವನು ಮಾಡಿದ್ದು. ಅದನ್ನು ಅವನು ಹೊತ್ತುಕೊಂಡು ಹೋಗಲಾರ, ಮಾರಲಾರ, ಮಕ್ಕಳ ಹೆಸರಿಗೆ ಬರೆಯಲಾರ. ಕೈಲಾಗದ ದಿನ ಬಂದಾಗ ಮುಖಪರಿಚಯವೂ ಇಲ್ಲದವನಿಗೆ ಬಿಟ್ಟುಹೋಗುತ್ತಾನೆ. ಇದನ್ನೆಲ್ಲ ತಿಳಿದೂ ಅವನು ಪ್ರತಿವರ್ಷ ಗೊಬ್ಬರ ಹಾಕುತ್ತಾನೆ.

ಎರಡನೆಯ ಮಹಾಯುದ್ಧದಲ್ಲಿ ಈ ತೋಟಗಳು ದೇಶದ ಹೊಟ್ಟೆಯನ್ನೇ ಕಾದವು. ಕಡಲಿನಲ್ಲಿ ಆಹಾರದ ಹಡಗುಗಳು ಮುಳುಗುತ್ತಿದ್ದ ಕಾಲ. ಸರ್ಕಾರ 1939ರಲ್ಲಿ, ಗೆಲುವಿಗಾಗಿ ಅಗೆಯಿರಿ ಎಂಬ ಕರೆ ಕೊಟ್ಟಿತು. ಲಂಡನ್ ಗೋಪುರದ ಕಂದಕದಲ್ಲಿಯೂ ತರಕಾರಿ ಬೆಳೆಯಿತು. ಯುದ್ಧಕಾಲದಲ್ಲಿ ಈ ತುಂಡುಗಳ ಸಂಖ್ಯೆ ಸುಮಾರು ಹದಿನಾಲ್ಕು ಲಕ್ಷಕ್ಕೆ ಏರಿತು. ನಾರಿಜ್ ಆ ಯುದ್ಧದ ಪೆಟ್ಟು ತಿಂದ ಊರು. ಚರಿತ್ರೆಯ ಚೆಲುವಿಗೆ ಹೆಸರಾದ ಊರುಗಳನ್ನೇ ಆರಿಸಿ ಜರ್ಮನಿ 1942ರ ಏಪ್ರಿಲಿನಲ್ಲಿ ಬಾಂಬು ಹಾಕಿತು. ಪ್ರವಾಸಿಗಳ ಕೈಪಿಡಿಯ ಹೆಸರೇ ಆ ದಾಳಿಗಳಿಗೆ ಅಂಟಿಕೊಂಡಿತು. ನಾರಿಜ್‌ನಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಕ್ಯಾಥೆಡ್ರಲ್ ಉಳಿಯಿತು. ಅದೇ ವರ್ಷ ಬಾಂಬಿಗೆ ಸಿಕ್ಕಿ ನೆಲಸಮವಾದ ಕಟ್ಟಡಗಳಲ್ಲಿ ಸಂತ ಜೂಲಿಯನ್ನನ ಹೆಸರಿನ ಪುಟ್ಟ ಇಗರ್ಜಿಯೂ ಒಂದು. 1953ರಲ್ಲಿ ಅದನ್ನು ಮತ್ತೆ ಕಟ್ಟಿದರು.

ಆ ಇಗರ್ಜಿಗೆ ಅಂಟಿದ ಕೋಣೆಯೊಂದರಲ್ಲಿ, ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ, ಲೋಕದ ಸಂಗ ತೊರೆದ ಸಾಧ್ವಿಯೊಬ್ಬಳು ಬಾಳಿದಳು. ಆಕೆಯ ಹುಟ್ಟುಹೆಸರು ತಿಳಿಯದು. ಇಗರ್ಜಿಯ ಹೆಸರಿನಿಂದಲೇ ಆಕೆ ನಾರಿಜ್‌ನ ಜೂಲಿಯನ್. ತನಗಾದ ದರ್ಶನಗಳನ್ನು ಆಕೆ ಬರೆದಿಟ್ಟಳು. ಇಂಗ್ಲಿಷಿನಲ್ಲಿ ಹೆಂಗಸೊಬ್ಬಳು ಬರೆದಳೆಂದು ತಿಳಿದಿರುವ ಪುಸ್ತಕಗಳಲ್ಲಿ ಅದೇ ಮೊದಲನೆಯದು. 2012ರಲ್ಲಿ ಯುನೆಸ್ಕೊ ನಾರಿಜನ್ನು ಸಾಹಿತ್ಯದ ನಗರವೆಂದು ಗುರುತಿಸಿದಾಗ ಈ ಹಿರಿಮೆಯನ್ನೂ ಜನ ನೆನೆದರು. ಒಂದು ದರ್ಶನದಲ್ಲಿ ಆಕೆಯ ಅಂಗೈ ಮೇಲೆ ಅಡಕೆಗಿಂತ ಚಿಕ್ಕದಾದ ಹೇಝಲ್ ಕಾಯಿಯಷ್ಟು ಗಾತ್ರದ ಒಂದು ವಸ್ತು ಕಾಣುತ್ತದೆ. ಸೃಷ್ಟಿಯೆಲ್ಲವೂ ಅದೇ ಎಂದು ಆಕೆಗೆ ತಿಳಿಯುತ್ತದೆ. ಇಷ್ಟು ಚಿಕ್ಕದು ಅಳಿಯದೆ ಹೇಗೆ ಉಳಿದಿದೆ ಎಂಬುದು ಆಕೆಯ ಬೆರಗು. ಅದನ್ನು ಕಾಯುವ ಪ್ರೀತಿಯೊಂದಿದೆ ಎಂಬುದು ಆಕೆಗೆ ದೊರೆತ ಸಮಾಧಾನ. ಮಹಾಮಾರಿ ಪ್ಲೇಗು ಊರನ್ನು ಅರ್ಧ ಬರಿದು ಮಾಡಿದ್ದ ಕಾಲದಲ್ಲಿ ಬೆಳೆದವಳ ಮಾತು ಇದು ಎಂಬುದನ್ನು ಮರೆಯಬಾರದು.

ಯುದ್ಧ ಮುಗಿದ ಮೇಲೆ ಕೈತೋಟಗಳ ಕಾಲ ಇಳಿಯಿತು. ಅಂಗಡಿಯಲ್ಲಿ ತರಕಾರಿ ಅಗ್ಗವಾಯಿತು. ಗುದ್ದಲಿ ಹಿಡಿಯುವುದು ಬಡತನದ ಗುರುತೆನಿಸಿತು. ಬೀಳುಬಿದ್ದ ತುಂಡುಗಳು ಮನೆಗಳಿಗೂ ರಸ್ತೆಗಳಿಗೂ ಹೋದವು. 1969ರಲ್ಲಿ ಹ್ಯಾರಿ ಥಾರ್ಪ್ ಎಂಬ ಭೂಗೋಳದ ಪ್ರಾಧ್ಯಾಪಕರ ಸಮಿತಿ ಸರ್ಕಾರಕ್ಕೆ ದೊಡ್ಡ ವರದಿ ಒಪ್ಪಿಸಿ, ದಾನದ ವಾಸನೆಯುಳ್ಳ ಹಳೆಯ ಹೆಸರನ್ನು ಬಿಟ್ಟು 'ವಿರಾಮದ ತೋಟ' ಎಂದು ಕರೆಯಬಾರದೇಕೆ ಎಂದು ಸೂಚಿಸಿತು. ಆ ಹೆಸರು ಜನರ ನಾಲಗೆಗೆ ಹತ್ತಲಿಲ್ಲ. ಇಂದು ಉಳಿದಿರುವ ತುಂಡುಗಳು ಸುಮಾರು ಮೂರು ಲಕ್ಷ. ವಿಚಿತ್ರವೆಂದರೆ ಈಗ ಬೇಡುವವರು ಹೆಚ್ಚಾಗಿದ್ದಾರೆ, ನೆಲ ಕಡಿಮೆಯಾಗಿದೆ. 2023ರಲ್ಲಿ ಲೆಕ್ಕ ಹಾಕಿದಾಗ ಬ್ರಿಟನ್ನಿನ ಸರದಿ ಪಟ್ಟಿಗಳಲ್ಲಿ ಒಂದೂ ಮುಕ್ಕಾಲು ಲಕ್ಷದಷ್ಟು ಅರ್ಜಿಗಳು ಕಾದಿದ್ದವು. ಯಾರೂ ಕೇಳದಿದ್ದ ಕಾಲದಲ್ಲಿ ಕೈಬಿಟ್ಟ ನೆಲ, ಕೇಳುವ ಕಾಲ ಬಂದಾಗ ಮರಳಿ ಬರುವುದಿಲ್ಲ. ಕಾಯಿದೆಯ ಕಾವಲೊಂದೇ ಸಾಲದು. ಅಗೆಯುವ ಕೈಯೂ ತಪ್ಪದೆ ಇರಬೇಕು ಎಂಬ ಪಾಠ ಈ ಲೆಕ್ಕದಲ್ಲಿದೆ.

ಗೇಣಿಯ ತುಂಡುಗಳಿಂದ ಹೊರಟು ಊರಿನ ಪಶ್ಚಿಮಕ್ಕೆ ಬಂದರೆ ನಾರಿಜ್‌ನ ಎರಡನೆಯ ಕ್ಯಾಥೆಡ್ರಲ್ ಸಿಕ್ಕುತ್ತದೆ. ಇದು ರೋಮನ್ ಕ್ಯಾಥೊಲಿಕರದು. 1910ರಲ್ಲಿ ಪೂರ್ಣವಾಗಿ, 1976ರಲ್ಲಿ ಕ್ಯಾಥೆಡ್ರಲ್ ಪದವಿ ಪಡೆದದ್ದು. ಅದರ ಪಕ್ಕದ ಓಣಿಯಲ್ಲಿ ಇಳಿದರೆ ಪ್ಲಾಂಟೇಶನ್ ಗಾರ್ಡನ್ ಎಂಬ ತೋಟ. ಹಿಂದೆ ಅದು ಸುಣ್ಣಕಲ್ಲು ಅಗೆದು ಬಿಟ್ಟ ಹಳ್ಳ. 1850ರ ದಶಕದಲ್ಲಿ ಹೆನ್ರಿ ಟ್ರೆವರ್ ಎಂಬ ಪೀಠೋಪಕರಣಗಳ ವರ್ತಕ ಈ ಹಳ್ಳವನ್ನು ಗೇಣಿಗೆ ಹಿಡಿದ. ಗೇಣಿಗೆ ಎಂಬ ಮಾತನ್ನು ಗಮನಿಸಬೇಕು; ನೆಲ ಅವನ ಸ್ವಂತದ್ದಲ್ಲ. ಆದರೂ ನಲವತ್ತು ವರ್ಷ ಅದರಲ್ಲಿ ಮುಳುಗಿ, ಮೂವತ್ತು ಅಡಿ ಎತ್ತರದ ಗಾಥಿಕ್ ಕಾರಂಜಿ, ಮೆಟ್ಟಿಲು ಮೆಟ್ಟಿಲಾದ ಜಗಲಿಗಳು, ಹೂವಿನ ಪಾತಿಗಳು ಎಲ್ಲವನ್ನೂ ಮಾಡಿಸಿದ. ಗೋಡೆಗಳಿಗೆ ಬಳಸಿದ್ದರಲ್ಲಿ ನಾನು ಮೊದಲು ಹೇಳಿದ ಕಾಸಿ ಊರಿನ ಗೂಡಿನ ಇಟ್ಟಿಗೆಯ ತುಣುಕುಗಳೇ ಹೆಚ್ಚು. ಅವನು 1897ರಲ್ಲಿ ತೀರಿಕೊಂಡ. ಯುದ್ಧಾನಂತರ ತೋಟ ಹಾಳುಬಿದ್ದು, ಮರಬಳ್ಳಿಗಳ ಕೆಳಗೆ ಮರೆಯಾಯಿತು. 1980ರಲ್ಲಿ ಊರಿನ ಕೆಲವರು ಸೇರಿ ಸಂಘ ಕಟ್ಟಿ, ಕತ್ತಿ ಗುದ್ದಲಿ ಹಿಡಿದು ಅದನ್ನು ಮತ್ತೆ ಬೆಳಕಿಗೆ ತಂದರು. ಇಂದಿಗೂ ಅದನ್ನು ನೋಡಿಕ

ೊಳ್ಳುವವರು ಸಂಬಳವಿಲ್ಲದೆ ದುಡಿಯುವ ಊರವರೇ. ಬಾಗಿಲಲ್ಲಿ ಹಣ ಹಾಕಲು ಒಂದು ಪೆಟ್ಟಿಗೆ ಇಟ್ಟು ನಂಬಿಕೆಯಿಂದ ನಡೆಸಿಕೊಂಡು ಬಂದ ತೋಟ ಅದು.

ಅಲ್ಲಿಂದ ಗ್ರೇಪ್ಸ್ ಹಿಲ್ ಎಂಬ ಇಳಿಜಾರಿನಲ್ಲಿ ಬಂದರೆ, ವಾಹನಗಳು ಎಡೆಬಿಡದೆ ಹರಿಯುವ ದೊಡ್ಡ ರಸ್ತೆಯ ಮಗ್ಗುಲಲ್ಲೇ, ವ್ಯಾಲೆಂಟೈನ್ ಬೀದಿಯಲ್ಲಿ ಇನ್ನೊಂದು ತೋಟ. ಟಾರು ಬಳಿದು ಬಿಟ್ಟಿದ್ದ ಹಳೆಯ ಆಟದ ಅಂಗಳವಾಗಿತ್ತು ಅದು. ನೆರೆಯವರು ಕೂಡಿ ಅರ್ಜಿ ಬರೆದು, ಹಣ ಹೊಂದಿಸಿ, ಟಾರು ಕೀಳಿಸಿ, ಮಣ್ಣು ತುಂಬಿಸಿ 2011ರಲ್ಲಿ ಅದನ್ನು ತೋಟವಾಗಿ ತೆರೆದರು. ಇಲ್ಲಿ ಒಬ್ಬೊಬ್ಬರಿಗೆ ಒಂದೊಂದು ತುಂಡೆಂಬ ಹಂಚಿಕೆ ಮುಖ್ಯವಲ್ಲ. ಎಲ್ಲರೂ ಸೇರಿ ನೆಡುವ ಹಣ್ಣಿನ ಮರ, ಹೂವಿನ ಪಾತಿ, ಕೂರಲು ಬೆಂಚು. ತೋಟ ಇಡೀ ನೋಡಲು ಐದು ನಿಮಿಷ ಸಾಕು. ಆದರೆ ನನಗೆ ಟ್ರೆವರನ ಕಾರಂಜಿಗಿಂತ ಇದು ಹೆಚ್ಚು ಮನಸ್ಸಿಗೆ ನಾಟಿತು. ಚರಿತ್ರೆಯುದ್ದಕ್ಕೂ ಈ ಊರಿನಲ್ಲಿ ಜನ ತಮ್ಮ ಕೈಯಿಂದ ಜಾರಿದ ನೆಲವನ್ನು ನೋಡುತ್ತ ನಿಂತದ್ದೇ ಹೆಚ್ಚು. ಇಲ್ಲಿ ಮಾತ್ರ ಟಾರಿನ ಕೆಳಗಿನಿಂದ ಅಂಗಳದಷ್ಟು ನೆಲ ಹಿಂದಕ್ಕೆ ಬಂದಿದೆ.

ಇಂಥ ತೋಟಗಳನ್ನು ಹೊಗಳುವುದು ಸುಲಭ. ಅವುಗಳ ಬಲಹೀನತೆಯನ್ನೂ ಹೇಳಬೇಕು. ಸಂನ್ಯಾಸಿಗಳಿಗೆ ಮಠದ ಬೆಂಬಲವಿತ್ತು, ಟ್ರೆವರನಿಗೆ ವ್ಯಾಪಾರದ ಹಣವಿತ್ತು. ನೆರೆಹೊರೆಯ ತೋಟಕ್ಕೆ ಇರುವುದು ಜನರ ಬಿಡುವು ಮಾತ್ರ. ಉತ್ಸಾಹಿಗಳು ನಾಲ್ವರು ಊರು ಬಿಟ್ಟರೆ, ಇಬ್ಬರಿಗೆ ಮಂಡಿನೋವು ಬಂದರೆ ಕಳೆ ಗೆಲ್ಲುತ್ತದೆ. ಕೂಡಿ ಮಾಡುವ ಕೆಲಸದಲ್ಲಿ ಬರುವ ಜಗಳಗಳೂ ಬರುತ್ತವೆ: ನೀರು ಹಾಕುವ ಸರದಿ ಯಾರದು, ಹಣ್ಣು ಕಿತ್ತವರು ಯಾರು. ಸ್ವಂತ ಹಿತ್ತಿಲಿನಲ್ಲಿ ಈ ತಾಪತ್ರಯವಿಲ್ಲ. ಎಲ್ಲರ ನೆಲ ಯಾರ ನೆಲವೂ ಆಗದಂತೆ ನೋಡಿಕೊಳ್ಳಬೇಕಾದರೆ ಪ್ರತಿ ವರ್ಷ, ಪ್ರತಿ ವಾರ ಯಾರಾದರೂ ಬಂದು ಬಗ್ಗಿ ಕೆಲಸ ಮಾಡಬೇಕು. ಅದಕ್ಕೆ ಬೇರೆ ಉಪಾಯವಿಲ್ಲ.

ಮೌಸ್‌ಹೋಲ್ಡಿನ ಗುಡ್ಡದ ಒಂದು ಪಕ್ಕಕ್ಕೆ ಈಗ 'ಕೆಟ್‌ನ ದಿಣ್ಣೆ' ಎಂಬ ಅರ್ಥದ ಹೆಸರಿದೆ. ಅದನ್ನೂ ಊರಿನ ಸ್ವಯಂಸೇವಕರೇ ಚೊಕ್ಕಟವಾಗಿಟ್ಟಿದ್ದಾರೆ. ಅಲ್ಲಿ ನಿಂತರೆ ಕೆಳಗೆ ಇಡೀ ನಗರ ಕಾಣುತ್ತದೆ. ಕೋಟೆ ಒಂದು ಕಡೆ, ಶಿಖರ ಒಂದು ಕಡೆ. ಎರಡೂ ಶತಮಾನಗಳ ನೆನಪುಳ್ಳವು. ಅವುಗಳ ನಡುವೆ ಹಸುರು ಚೂರುಗಳು ಅಲ್ಲಲ್ಲಿ ಹರಡಿವೆ. ಕಲ್ಲು ಒಮ್ಮೆ ಕಟ್ಟಿದರೆ ಶತಮಾನಗಳವರೆಗೆ ನಿಲ್ಲುತ್ತದೆ. ತರಕಾರಿ ಮಡಿ ಒಂದು ಬೇಸಗೆ ಕೈಬಿಟ್ಟರೆ ಇಲ್ಲವಾಗುತ್ತದೆ. ಹಾಗಿದ್ದೂ ಸಂನ್ಯಾಸಿಯ ಲೀಕಿನಿಂದ ಇಂದಿನ ಗೇಣಿದಾರನ ಲೀಕಿನವರೆಗೆ ಆ ಮಡಿ ಕೈಯಿಂದ ಕೈಗೆ ಸಾಗಿಬಂದಿದೆ. ಅದನ್ನು ಸಾಗಿಸಿದವರಲ್ಲಿ ನೆಲದ ಒಡೆಯರು ಬಹಳ ಕಡಿಮೆ.

ನೀವು ಎಂದಾದರೂ ಆ ಊರಿಗೆ ಹೋದರೆ ಕ್ಯಾಥೆಡ್ರಲನ್ನು ತಪ್ಪದೆ ನೋಡಿ, ಅದು ನೋಡಲೇಬೇಕಾದ್ದು. ಆಮೇಲೆ ಒಂದು ಗಂಟೆ ಮಿಗಿಸಿಕೊಂಡು, ಯಾರನ್ನಾದರೂ ಕೇಳಿ ಒಂದು ಕೈತೋಟದ ಬಾಗಿಲಿಗೆ ಹೋಗಿ ನಿಲ್ಲಿ. ಒಳಗಿನವರು ಮಾತಿಗೆ ಸಿಕ್ಕಿದರೆ ಬೆಳೆಯನ್ನು ಹೊಗಳುವುದಕ್ಕಿಂತ ಮಣ್ಣನ್ನು ಹೊಗಳಿ. ಅವರಿಗೆ ಸಂತೋಷವಾಗುತ್ತದೆ.